ಸಹಾಯ ಬೇಕು: ಬೇಸಿಗೆ ಮುಗಿದ ಮೇಲೆ ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಲ್ಲುತ್ತಿಲ್ಲ

ರೋಡ್ ಬೈಕ್, 28 ಎಂಎಂ ಟ್ಯೂಬ್‌ಲೆಸ್. ಹಿಂದಿನ ಚಕ್ರ ರಾತ್ರಿ 70 ಪಿಎಸ್‌ಐ ಇದ್ದರೆ ಬೆಳಗ್ಗೆ 50. ಚಳಿಗೆ ಗಾಳಿ ಕುಗ್ಗುವುದು ಗೊತ್ತು, ಆದರೆ 10 ಡಿಗ್ರಿ ಇಳಿದರೂ ಅದರ ಪಾಲು 3 ಪಿಎಸ್‌ಐ ಅಷ್ಟೇ. ದಯವಿಟ್ಟು ಹವೆಯ ಮೇಲೆ ಹಾಕಬೇಡಿ!

ಬೇಸಿಗೆಯ ಬಿಸಿಗೆ ಸೀಲೆಂಟ್ (ಟೈರಿನೊಳಗೆ ಹಾಕುವ, ಸಣ್ಣ ತೂತು ಮುಚ್ಚುವ ದ್ರವ) ಒಣಗಿ ರಬ್ಬರ್ ಪೊರೆಯಂತೆ ಅಂಟಿಕೊಂಡಿತ್ತು. ಕಿತ್ತು ತೆಗೆದು 40 ಎಂಎಲ್ ಹೊಸದು ಹಾಕಿದ್ದಾಯಿತು. ವಾಲ್ವ್ ಕೋರ್ (ವಾಲ್ವಿನ ಒಳಭಾಗ) ಕೂಡ ಬದಲಾಗಿದೆ. ಸೋಪಿನ ನೀರು ಹಚ್ಚಿದರೆ ಟೈರಿನ ಅಂಚಿನಲ್ಲಿ ಏನೂ ಇಲ್ಲ. ವಾಲ್ವ್ ಬುಡದಲ್ಲೂ ಪಕ್ಕದ ಎರಡು ಸ್ಪೋಕ್ ನಿಪ್ಪಲ್‌ಗಳಲ್ಲೂ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ತಿರುಪು) ಸಣ್ಣ ಗುಳ್ಳೆ ಏಳುತ್ತಿವೆ.

ರಿಮ್ ಟೇಪ್ (ರಿಮ್ಮಿನ ಒಳಗೆ ಸ್ಪೋಕ್ ತೂತುಗಳನ್ನು ಮುಚ್ಚುವ ಅಂಟುಪಟ್ಟಿ) ಎದ್ದಿದೆಯೋ, ಬರೀ ವಾಲ್ವಿನ ರಬ್ಬರ್ ಸರಿಯಾಗಿ ಕೂತಿಲ್ಲವೋ? ಟೇಪೇ ಆದರೆ, ರಿಮ್ಮಿನ ಒಳ ಅಗಲ 21 ಎಂಎಂ: 23ರದ್ದು ಸಾಕೇ, 25 ಬೇಕೇ? ಒಂದು ಸುತ್ತೋ, ಎರಡೋ? ಹಳೆಯ ಅಂಟು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಇದೆ.