ಎರಡು ರೋಟರ್ ಮಾಡೆಲ್: ಪಾಯಿಂಕಾರೆ ಚಿತ್ರದಲ್ಲಿ ಉಂಗುರ ಬಂದರೆ ಕೇಯಾಸ್ ಅನ್ನಬಹುದಾ?

ಬೀದರ್_ಎಂಟೆಕ್:
ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಬೀದರ್ ಏರ್‌ಬೇಸ್‌ನಿಂದ ಹಾರುವ ಹಾಕ್ ವಿಮಾನದ ಅಡೋರ್ ಎಂಜಿನ್‌ನಲ್ಲಿ ಒಂದರೊಳಗೊಂದು ಎರಡು ಶಾಫ್ಟ್ ಇವೆ ಅಂತ ಓದಿ ಪ್ರಾಜೆಕ್ಟ್‌ಗೆ ಈ ವಿಷಯ ತಗೊಂಡೆ. ನನ್ನದು ಸಣ್ಣ ಮಾಡೆಲ್. ಒಳ ಶಾಫ್ಟ್ 6000 ಆರ್‌ಪಿಎಂ, ಹೊರಗಿನದು 7200, ನಡುವೆ ಎರಡನ್ನೂ ಜೋಡಿಸುವ ಇಂಟರ್‌ಶಾಫ್ಟ್ ಬೇರಿಂಗ್, ಅದಕ್ಕೆ ಕ್ಲಿಯರೆನ್ಸ್ (ಸಣ್ಣ ಸಡಿಲ ಜಾಗ) ಮತ್ತು ಹರ್ಟ್ಜ್ ಕಾಂಟ್ಯಾಕ್ಟ್ ಬಲ (ಒತ್ತಿದಷ್ಟೂ ಬಿಗಿಯಾಗುವ ಸಂಪರ್ಕ ಬಲ). ಒಳ ಶಾಫ್ಟ್‌ನ ಸುತ್ತಿಗೊಂದರಂತೆ ಆ ಕ್ಷಣದ ಸ್ಥಾನ, ವೇಗಕ್ಕೆ ಚುಕ್ಕೆ ಇಟ್ಟರೆ (ಇದೇ ಪಾಯಿಂಕಾರೆ ಚಿತ್ರ) 5 ಚುಕ್ಕೆ ಬರುತ್ತವೆ. ವೇಗದ ಅನುಪಾತ 1.2 ಬದಲು √2 ಮಾಡಿದರೆ ಉಂಗುರ. ಇದು ಕೇಯಾಸ್, ಅಂದರೆ ಶುರುವಿನ ಸ್ಥಿತಿ ಚೂರು ಬದಲಾದರೂ ಮುಂದೆ ಪೂರ್ತಿ ಬೇರೆಯಾಗುವ ಚಲನೆ, ಅಲ್ವಾ?

ಕಂಪನ_ಕಲಬುರಗಿ:
ಅಲ್ಲ ತಮ್ಮಾ. ಬೇರಿಂಗ್ ತೆಗೆದು ಅಲ್ಲಿ ಸಾದಾ ಲೀನಿಯರ್ ಸ್ಪ್ರಿಂಗ್ (ಎಳೆದಷ್ಟಕ್ಕೆ ಸರಿಯಾದ ಅನುಪಾತದಲ್ಲಿ ಬಲ ಕೊಡುವುದು) ಹಾಕಿ ಓಡಿಸು, ಆಗಲೂ 5 ಚುಕ್ಕೆ ಮತ್ತು ಉಂಗುರ ಬಂದೇ ಬರುತ್ತವೆ. ಎರಡು ಶಾಫ್ಟ್‌ಗೂ ಬೇರೆ ಬೇರೆ ಅನ್‌ಬ್ಯಾಲೆನ್ಸ್ (ತೂಕ ನಡುವಿನಿಂದ ಸ್ವಲ್ಪ ಸರಿದಿರುವುದು) ಇದೆ, ಒಂದು 100 ಹರ್ಟ್ಜ್‌ನಲ್ಲಿ ಅಲುಗಿಸುತ್ತದೆ, ಇನ್ನೊಂದು 120ರಲ್ಲಿ, ಒಳಗಿನದು 5 ಸುತ್ತು ಮುಗಿಸುವಷ್ಟರಲ್ಲಿ ಹೊರಗಿನದು 6 ಸುತ್ತು ಮುಗಿಸಿ ಇಬ್ಬರೂ 0.05 ಸೆಕೆಂಡಿಗೊಮ್ಮೆ ಮೊದಲಿನ ಜಾಗಕ್ಕೆ ಬರುತ್ತಾರೆ. ಅದಕ್ಕೇ 5. √2 ಹಾಕಿದರೆ ಹಾಗೆ ಕೂಡುವುದೇ ಇಲ್ಲ, ಚುಕ್ಕೆಗಳು ಗೆರೆ ತುಂಬುತ್ತವೆ. ಇದು ಕ್ವಾಸಿ-ಪೀರಿಯಾಡಿಕ್, ಅಂದರೆ ಕ್ರಮಬದ್ಧ ಆದರೆ ಎಂದೂ ಪೂರ್ತಿ ಮರುಕಳಿಸದ ಚಲನೆ, ಅಷ್ಟೇ. ಕೇಯಾಸ್ ಅನ್ನಬೇಕಾದರೆ ಲ್ಯಾಪುನೋವ್ ಎಕ್ಸ್‌ಪೋನೆಂಟ್ (ಹತ್ತಿರದ ಎರಡು ಸ್ಥಿತಿಗಳು ಎಷ್ಟು ಬೇಗ ದೂರವಾಗುತ್ತವೆ ಎಂಬ ಅಳತೆ) ಪಾಸಿಟಿವ್ ಅಂತ ತೋರಿಸಲೇಬೇಕು.

ಶಾಫ್ಟ್_ಮೇಷ್ಟ್ರು:
ಮೇಲಿನ ಮಾತು ಪೂರ್ತಿ ಸರಿ. ನಾನ್‌ಲೀನಿಯರ್ ಗುಣ ಹುಡುಕಬೇಕಾದ್ದು ಎಫ್‌ಎಫ್‌ಟಿಯಲ್ಲಿ, ಅಂದರೆ ಕಂಪನದಲ್ಲಿ ಯಾವ ಯಾವ ಹರ್ಟ್ಜ್ ಇವೆ ಎಂದು ಬಿಡಿಸಿ ತೋರಿಸುವ ಸ್ಪೆಕ್ಟ್ರಂನಲ್ಲಿ. ಲೀನಿಯರ್ ಆದರೆ 100 ಮತ್ತು 120, ಬೇರೇನೂ ಇಲ್ಲ. ಅಲೆ ಸೆಕೆಂಡಿಗೆ 20 ಸಲ ಉಬ್ಬಿ ಇಳಿಯುವುದು ಕಾಣುತ್ತದೆ, ಆದರೂ ಸ್ಪೆಕ್ಟ್ರಂನಲ್ಲಿ 20ರ ಗೆರೆ ಇರುವುದಿಲ್ಲ. ಬೇರಿಂಗ್ ಬಲ ಸೇರಿದ ಮೇಲೆ 80 ಮತ್ತು 140 ಹುಟ್ಟುತ್ತವೆ, ಅಂದರೆ ಒಂದರ ಎರಡು ಪಟ್ಟಿನಲ್ಲಿ ಇನ್ನೊಂದನ್ನು ಕಳೆದದ್ದು. ಶಾಫ್ಟ್‌ನ ತೂಕದಿಂದ ಬೇರಿಂಗ್ ಒಂದು ಕಡೆ ಜಾಸ್ತಿ ಒತ್ತಿದರೆ 20 ಮತ್ತು 220 ಕೂಡ ಬರುತ್ತವೆ. ತೂಕ ಹಾಕಿದ್ದೀರಾ, ನೋಡಿಕೊಳ್ಳಿ. ವಿಂಡೋ (ಎಫ್‌ಎಫ್‌ಟಿಗೆ ಕೊಡುವ ಸಮಯದ ತುಂಡು) 0.05 ಸೆಕೆಂಡಿನ ಪೂರ್ಣ ಪಟ್ಟು ಇರಲಿ, ಇಲ್ಲದಿದ್ದರೆ ಲೀಕೇಜ್ ಆಗಿ, ಅಂದರೆ ದೊಡ್ಡ ಗೆರೆಗಳು ಅಕ್ಕಪಕ್ಕ ಹರಡಿ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ.

ಬೀದರ್_ಎಂಟೆಕ್:
80, 140 ಎರಡೂ ಸಿಕ್ಕವು ಸರ್! 20 ಇಲ್ಲ, ತೂಕ ಹಾಕಿಲ್ಲ. ಹೊರ ಶಾಫ್ಟ್ ಉಲ್ಟಾ ತಿರುಗಿಸಿದರೆ?

ಶಾಫ್ಟ್_ಮೇಷ್ಟ್ರು:
ಒಳ್ಳೆ ಪ್ರಶ್ನೆ. ಹ್ಯಾರಿಯರ್ ವಿಮಾನದ ಪೆಗಾಸಸ್ ಎಂಜಿನ್‌ನಲ್ಲಿ ಎರಡು ಶಾಫ್ಟ್ ಎದುರುಬದುರು ತಿರುಗುತ್ತವೆ, ಗೈರೊಸ್ಕೋಪಿಕ್ ಪರಿಣಾಮ (ತಿರುಗುವ ಭಾಗ ತನ್ನ ದಿಕ್ಕು ಬದಲಿಸಲು ಒಡ್ಡುವ ಪ್ರತಿರೋಧ) ಕಡಿಮೆಯಾಗಲಿ ಅಂತ. ನಿಮ್ಮ ಲೆಕ್ಕದಲ್ಲಿ 120 ಮೈನಸ್ ಆಗುತ್ತದೆ, ಕಳೆದದ್ದು ಕೂಡಿದಂತಾಗುತ್ತದೆ, ಹಾಗಾಗಿ 80, 140 ಹೋಗಿ 320 ಮತ್ತು 340ರಲ್ಲಿ ಹುಡುಕಿ. ಆಮೇಲೆ ವೇಗ ಏರಿಸುತ್ತಾ ಒಮ್ಮೆ, ಇಳಿಸುತ್ತಾ ಒಮ್ಮೆ ಓಡಿಸಿ, ಪ್ರತಿ ವೇಗಕ್ಕೂ ಹಿಂದಿನ ವೇಗದ ಕೊನೆಯ ಸ್ಥಿತಿಯಿಂದಲೇ ಶುರು ಮಾಡಿ. ಸೊನ್ನೆಯಿಂದ ಶುರು ಮಾಡಿದರೆ ಜಂಪ್, ಅಂದರೆ ಕಂಪನ ಥಟ್ಟನೆ ಏರುವುದು ಅಥವಾ ಇಳಿಯುವುದು, ಸಿಗದೇ ಹೋಗಬಹುದು.