ಕಿರಣನ ಕ್ಯಾಮೆರಾ ಪರೀಕ್ಷೆಯ ಬಗ್ಗೆ ದೊಡ್ಡಪ್ಪನವರಿಗೆ

ದೊಡ್ಡಪ್ಪನವರೇ, ನಿಮ್ಮ ಸಂದೇಶವನ್ನು ಬೆಳಿಗ್ಗೆಯೇ ಕೇಳಿದ್ದೆ. ಡ್ಯೂಟಿ ಮುಗಿಸಿ ಮನೆಗೆ ಬಂದು ಈಗ ಸಮಾಧಾನವಾಗಿ ಉತ್ತರಿಸುತ್ತಿದ್ದೇನೆ. ನಿಮ್ಮ ಮೊಮ್ಮಗ ಕಿರಣನ ದೊಡ್ಡಕರುಳಿನ ಹುಣ್ಣು ಮಾಯ್ದಿದೆ ಎಂದು ಪರದೆಯ ಮೇಲೆ ತೋರಿಸಿದ ವೈದ್ಯರೇ ಮತ್ತೆ ನಾಲ್ಕಾರು ಕಡೆ ಚೂರು ತೆಗೆದು ಲ್ಯಾಬಿಗೆ ಕಳಿಸಿದ್ದೇಕೆ, ಮಾತ್ರೆಯನ್ನು ಮುಂದುವರಿಸಿ ಎಂದದ್ದೇಕೆ, ಇದು ಬಿಲ್ಲು ಬೆಳೆಸುವ ದಾರಿಯಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿ ದಿನವೂ ಆ ಪರದೆಯನ್ನು ನೋಡುವವಳಾದ್ದರಿಂದ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಅಪ್ಪ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ಬಟ್ಟೆ ತಪಾಸಣೆಗಿದ್ದಾಗ ಥಾನನ್ನು ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಪುಟ್ಟ ಭೂತಗನ್ನಡಿಯನ್ನು ಅದರ ಮೇಲಿಟ್ಟು ಅಂಗುಲಕ್ಕೆ ಎಷ್ಟು ಎಳೆ ಇವೆ ಎಂದು ಎಣಿಸುತ್ತಿದ್ದುದು ನಿಮಗೂ ನೆನಪಿರಬೇಕು. ಮೇಲುನೋಟಕ್ಕೆ ನಯವಾಗಿ ಕಂಡ ಬಟ್ಟೆಯಲ್ಲೇ ಎಷ್ಟೋ ಸಲ ಎಳೆ ತಪ್ಪಿರುತ್ತಿತ್ತು. ಕಿರಣನಿಗಿರುವ ಅಲ್ಸರೇಟಿವ್ ಕೊಲೈಟಿಸ್ ಕೂಡ ಹಾಗೆಯೇ. ಕ್ಯಾಮೆರಾದಲ್ಲಿ ಕಂಡ ಉರಿಯೂತಕ್ಕೆ ಮೇಯೊ ಎಂಬ ಪದ್ಧತಿಯಲ್ಲಿ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಅವನಿಗೆ ಈ ಸಲ 0 ಬಂದಿದೆ, ಅಂದರೆ ಕಣ್ಣಿಗೆ ಉರಿಯೂತ ಕಾಣುತ್ತಿಲ್ಲ. ಆದರೆ 0 ಬಂದ ಕೆಲವರ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಒಳಗೆ ಉರಿಯೂತ ಇನ್ನೂ ಉಳಿದಿರುವುದು ಕಾಣುತ್ತದೆ, ಅಂಥವರಲ್ಲಿ ರೋಗ ಮರುಕಳಿಸುವ ಸಂಭವವೂ ಹೆಚ್ಚು. ಚೂರೆಂದರೆ ಗಾಬರಿ ಬೇಡ, ಅದು ಅಕ್ಕಿ ನುಚ್ಚಿನಷ್ಟಿರುತ್ತದೆ. ಕರುಳಿನ ಒಳಪೊರೆಯಿಂದ ಅದನ್ನು ತೆಗೆಯುವಾಗ ನೋವಾಗುವುದಿಲ್ಲ.

ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ನಡುವಿನ ಈ ಅಂತರವನ್ನು ಬೆಳಕಿನಿಂದಲೇ ಕಡಿಮೆ ಮಾಡುವ ಪ್ರಯತ್ನ ಬಹಳ ಕಾಲದಿಂದ ನಡೆದಿದೆ. ಅದರಲ್ಲಿ ನಾನು ದಿನವೂ ಕಾಣುವುದು ನ್ಯಾರೋ ಬ್ಯಾಂಡ್ ಇಮೇಜಿಂಗ್. ವೈದ್ಯರು ಸ್ಕೋಪಿನ, ಅಂದರೆ ಕ್ಯಾಮೆರಾ ಕೊಳವೆಯ, ಹಿಡಿಯಲ್ಲಿರುವ ಗುಂಡಿಯೊತ್ತಿದ ಕೂಡಲೇ ಬಿಳಿ ಬೆಳಕು ಹೋಗಿ, 415 ನ್ಯಾನೋಮೀಟರಿನ ನೀಲಿ ಮತ್ತು 540 ನ್ಯಾನೋಮೀಟರಿನ ಹಸಿರು ಬೆಳಕು ಮಾತ್ರ ಉಳಿಯುತ್ತದೆ. ಈ ಎರಡನ್ನೂ ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುವುದರಿಂದ ಮೇಲ್ಪದರದ ಕಿರುನಾಳಗಳು ಕಂದು ಗೆರೆಗಳಂತೆ, ಒಳಗಿನ ದೊಡ್ಡ ನಾಳಗಳು ಹಸಿರುನೀಲಿಯಾಗಿ ಎದ್ದು ಕಾಣುತ್ತವೆ. ಆರೋಗ್ಯವಂತ ಕರುಳಿನಲ್ಲಿ ಅದು ಹೆಣೆದ ಜಾಲರಿಯಂತೆ ಅಚ್ಚುಕಟ್ಟಾಗಿರುತ್ತದೆ. ಉರಿಯೂತವಿದ್ದ ಕಡೆ ಜಾಲರಿ ಕಲಸಿದಂತೆ, ಹರಿದಂತೆ ಕಾಣುತ್ತದೆ. ಅಂದಹಾಗೆ, ಈ ಬೆಳಕಿನಲ್ಲಿ ಉಳಿದ ಮಲವೂ ಪಿತ್ತವೂ ರಕ್ತದಂತೆ ಕೆಂಪಗೆ ತೋರುತ್ತವೆ. ಆದ್ದರಿಂದ ಪರೀಕ್ಷೆಯ ಹಿಂದಿನ ಸಂಜೆ ಮಂಡಕ್ಕಿ ಮಿರ್ಚಿ ತಿಂದು, ಕುಡಿಯಲು ಕೊಟ್ಟ ಪುಡಿಯ ನೀರನ್ನು ಅರ್ಧ ಚೆಲ್ಲುವ ನಮ್ಮವರಿಂದ ಎಲ್ಲರಿಗೂ ಕಷ್ಟ.

ಎರಡನೆಯದು ಬಣ್ಣ ಸಿಂಪಡಿಸುವ ಕ್ರಮ. ಇಂಡಿಗೋ ಕಾರ್ಮೈನ್ ಎಂಬ ನೀಲಿಯನ್ನು ಕೋಶಗಳು ಹೀರುವುದಿಲ್ಲ, ಅದು ಒಳಪೊರೆಯ ಕುಳಿಗಳಲ್ಲಿ ನಿಂತು ಏರುತಗ್ಗುಗಳನ್ನು ತೋರಿಸುತ್ತದೆ. ಮೆಥಿಲೀನ್ ಬ್ಲೂ ಎಂಬ ಇನ್ನೊಂದು ನೀಲಿಯನ್ನು ಕೋಶಗಳು ಹೀರಿಕೊಳ್ಳುತ್ತವೆ. ರೋಗ ಹಳೆಯದಾದವರಲ್ಲಿ ಕ್ಯಾನ್ಸರಿಗೆ ತಿರುಗಬಹುದಾದ ಚಪ್ಪಟೆ ಕಲೆಗಳನ್ನು ಹುಡುಕಲು ಈ ಬಣ್ಣದ ಕ್ರಮ ಮುಖ್ಯ. ಹಳೆಯ ಸಾಧಾರಣ ಕ್ಯಾಮೆರಾಕ್ಕಿಂತ ಬಣ್ಣದ ಕ್ರಮವೇ ಮೇಲು ಎಂದು 2015ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ವರದಿಯೇ ಹೇಳಿದೆ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸುವುದು ಕಾನ್‌ಫೋಕಲ್ ಲೇಸರ್ ಎಂಡೋಮೈಕ್ರೋಸ್ಕೋಪಿ. ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಹಳದಿ ಬಣ್ಣವನ್ನು ಚುಚ್ಚಿ, ಸ್ಕೋಪಿನ ತುದಿಯನ್ನು ಕರುಳಿಗೆ ಮೃದುವಾಗಿ ಒತ್ತಿದರೆ, ಕೋಶಗಳೇ ಸುಮಾರು ಸಾವಿರ ಪಟ್ಟು ದೊಡ್ಡದಾಗಿ ಅಲ್ಲಿಯೇ ಕಾಣುತ್ತವೆ. ಕೋಶಗಳ ನಡುವಿನಿಂದ ಆ ಬಣ್ಣ ಕರುಳೊಳಕ್ಕೆ ಸೋರುವುದೂ ಕಾಣುತ್ತದೆ, ಆ ಸೋರಿಕೆಯನ್ನು ರೋಗ ಮರುಕಳಿಸುವ ಸೂಚನೆಯೆಂದು ಸಂಶೋಧಕರು ಪರಿಗಣಿಸಿದ್ದಾರೆ. ಆದರೆ ಒಂದು ಸಲಕ್ಕೆ ಕಾಣುವ ಜಾಗ ಅರ್ಧ ಮಿಲಿಮೀಟರನ್ನೂ ಮೀರುವುದಿಲ್ಲ; ದೊಡ್ಡಕರುಳಾದರೋ ಒಂದೂವರೆ ಮೀಟರಿನಷ್ಟು ಉದ್ದ. ಮೇಲಾಗಿ ಉಪಕರಣ ದುಬಾರಿ, ಅದನ್ನು ಓದಲು ತರಬೇತಿಯೂ ಬೇಕು. ಹೀಗಾಗಿ ಸದ್ಯಕ್ಕೆ ಇದು ಚೂರಿನ ಪರೀಕ್ಷೆಯ ಸ್ಥಾನವನ್ನು ತೆಗೆದುಕೊಂಡಿಲ್ಲ. ಎಲ್ಲಿಂದ ಚೂರು ತೆಗೆಯಬೇಕು ಎಂಬುದಕ್ಕೆ ನೆರವಾಗುತ್ತದೆ, ಅಷ್ಟೇ.

ಆದ್ದರಿಂದ ಕಿರಣನ ಮೆಸಲಮೈನ್ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ವೈದ್ಯರೇ ಮಾಡಲಿ. ನಿನ್ನೆ ನಮ್ಮ ಮನೆಯವರ ಈ ವಾಟ್ಸಾಪ್ ಗುಂಪಿಗೆ ಬಂದ "ಲೇಸರ್‌ನಿಂದ ಕರುಳುಹುಣ್ಣು ಗುಣ" ಎಂಬ ಜಾಹೀರಾತನ್ನೂ ನಂಬಬೇಡಿ, ನಾನು ಹೇಳಿದ ಈ ಬೆಳಕುಗಳೆಲ್ಲ ನೋಡುವುದಕ್ಕೆ, ಗುಣಪಡಿಸುವುದಕ್ಕಲ್ಲ. ರೋಗ ಶುರುವಾಗಿ ಎಂಟು ವರ್ಷವಾದ ಮೇಲೆ ಕ್ಯಾನ್ಸರ್ ತಪಾಸಣೆಯ ಕೊಲೊನೋಸ್ಕೋಪಿ, ಅಂದರೆ ದೊಡ್ಡಕರುಳಿನ ಕ್ಯಾಮೆರಾ ಪರೀಕ್ಷೆ, ಮಾಡಿಸುವುದು ರೂಢಿ. ಅವನಿಗೆ 2019ರಲ್ಲಿ ಶುರುವಾದದ್ದರಿಂದ ಅದು 2027ಕ್ಕೆ ಬೀಳುತ್ತದೆ. ಆಗ ಬಣ್ಣ ಸಿಂಪಡಿಸಿ ನೋಡುತ್ತೀರಾ ಎಂದು ವೈದ್ಯರನ್ನು ಮೊದಲೇ ಕೇಳಿರಿ. ಚೂರಿನ ವರದಿ ಬಂದ ಕೂಡಲೇ ಅದರ ಫೋಟೋವನ್ನು ನನ್ನ ನಂಬರಿಗೆ ಕಳಿಸಿ. ಇಲ್ಲಿ ಹಾಕಬೇಡಿ, ಮದುವೆಗೆ ಹುಡುಗಿ ನೋಡುತ್ತಿರುವ ಹುಡುಗನದು.