ಪಾನೀಯದಲ್ಲಿ ಬ್ಯಾಕ್ಟೀರಿಯಾ: ಬೇಗ ಪತ್ತೆ ಹಚ್ಚಲು ಯಾವುದನ್ನು ನಂಬಬಹುದು?

ಪ್ರಶ್ನೆ: ನಮ್ಮದು ಹಣ್ಣಿನ ರಸ ತುಂಬುವ ಚಿಕ್ಕ ಘಟಕ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಅಗರ್ ತಟ್ಟೆಯ ಫಲಿತಾಂಶಕ್ಕೆ ಮೂರರಿಂದ ಐದು ದಿನ ಕಾಯಬೇಕು, ಅಲ್ಲಿಯವರೆಗೆ ಸರಕು ಗೋದಾಮಿನಲ್ಲೇ. ಕಳೆದ ತಿಂಗಳು ಎರಡು ಬ್ಯಾಚ್ ಕದಡಿ, ಹುಳಿ ಮಜ್ಜಿಗೆಯಂತೆ ನಾರಿ, ಚೆಲ್ಲಬೇಕಾಯಿತು. ಈಗ ಒಬ್ಬರು ಎಟಿಪಿ ಯಂತ್ರ ಮಾರಲು ಬಂದಿದ್ದಾರೆ, ನಿಮಿಷದೊಳಗೆ ಉತ್ತರ ಎನ್ನುತ್ತಾರೆ. ಕೊಳ್ಳಬಹುದೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಕೊಳ್ಳಿ, ಆದರೆ ರಸವನ್ನು ನೇರವಾಗಿ ಅಳೆಯಲು ಅಲ್ಲ. ಆ ಯಂತ್ರ ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಎಟಿಪಿಯನ್ನು, ಅಂದರೆ ಎಲ್ಲ ಜೀವಕೋಶಗಳಲ್ಲೂ ಶಕ್ತಿ ಸಾಗಿಸುವ ಅಣುವನ್ನು. ಮಿಣುಕುಹುಳುವನ್ನು ಬೆಳಗಿಸುವ ಲೂಸಿಫೆರೇಸ್ ಕಿಣ್ವ ಎಟಿಪಿ ಸಿಕ್ಕಲ್ಲಿ ಬೆಳಕು ಕೊಡುತ್ತದೆ. ಹಣ್ಣಿನ ತಿರುಳಿನಲ್ಲೂ ಎಟಿಪಿ ಇರುತ್ತದಲ್ಲ! ಮೊದಲ ವಾರ ನಾನು ತಾಜಾ ರಸವನ್ನೇ ಹಾಕಿ ನೋಡಿದಾಗ ಅಂಕಿ ಎದೆ ನಡುಗಿಸುವಷ್ಟು ಏರಿತು. ಅದೇ ಮಾದರಿಯ ತಟ್ಟೆಯಲ್ಲಿ ಒಂದು ಚುಕ್ಕೆಯೂ ಬೆಳೆಯಲಿಲ್ಲ.

ಅದು ನಿಜವಾಗಿ ನೆರವಾದದ್ದು ತೊಳೆದ ಯಂತ್ರಗಳ ಮೇಲೆ. ಎಲ್ಲ ಕವಾಟಗಳೂ ಫಳಫಳ ಹೊಳೆಯುತ್ತಿದ್ದವು. ಒಂದರ ಸ್ವಾಬ್ (ಒರೆಸಿ ಮಾದರಿ ತೆಗೆಯುವ ಕಡ್ಡಿ) ಮಾತ್ರ ಪ್ರತಿದಿನ ಹೆಚ್ಚು ತೋರಿಸುತ್ತಿತ್ತು. ಬಿಚ್ಚಿದೆವು. ರಬ್ಬರ್ ಗ್ಯಾಸ್ಕೆಟ್ಟಿನ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರೊಳಗೆ ಉಗುರಿಗೆ ಅಂಟುವ ಬೂದು ಲೋಳೆ. ಸೋಂಕು ಅಲ್ಲಿಂದ ಬಾಟಲಿಗೆ ಇಳಿಯುತ್ತಿತ್ತು.

ಪಾನೀಯವನ್ನೇ ಪರೀಕ್ಷಿಸಬೇಕೆಂದರೆ ಮುಚ್ಚಿದ ಬಾಟಲಿಗಳನ್ನು 30 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟು, ತಿರುಳಿನ ಎಟಿಪಿಯನ್ನು ಮೊದಲು ಒಡೆದುಹಾಕುವ ಕಿಣ್ವ ಬೆರೆಸಿ, ಆಮೇಲೆ ಅಳೆಯಿರಿ. ಅಳತೆಯ ಅಂಕಿಯೇನೋ ಬೇಗ ಸಿಗುತ್ತದೆ. ಬ್ಯಾಕ್ಟೀರಿಯಾ ಬೆಳೆಯುವ ಕಾಲವನ್ನು ಯಾವ ಯಂತ್ರವೂ ಪೂರ್ತಿ ತಪ್ಪಿಸುವುದಿಲ್ಲ.

ಉತ್ತರ 2: ನಾನು ಬಿಯರ್ ಪ್ರಯೋಗಾಲಯದಲ್ಲಿ ಪಿಸಿಆರ್, ಅಂದರೆ ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸಿ ಗುರುತಿಸುವ ಪರೀಕ್ಷೆ, ನಡೆಸುತ್ತೇನೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾದ ಜಾತಿಯನ್ನೇ ಹೇಳುತ್ತದೆ, ಅದು ದೊಡ್ಡ ವರ. ಆದರೆ ಪರೀಕ್ಷಾ ನಳಿಕೆಗೆ ಹೋಗುವುದು ಕೆಲವು ಮೈಕ್ರೋಲೀಟರ್ ಮಾತ್ರ. ಇಡೀ ಬಾಟಲಿಗೆ ಒಂದೆರಡು ಬ್ಯಾಕ್ಟೀರಿಯಾ ಇದ್ದರೆ ಆ ಹನಿಯಲ್ಲಿ ಅವು ಇರುವುದೇ ಇಲ್ಲ. ಹಾಗಾಗಿ 0.45 ಮೈಕ್ರಾನ್ ಪೊರೆಯಲ್ಲಿ ಸೋಸಿ ಹಿಡಿಯಬೇಕು, ಇಲ್ಲವೇ ಪೋಷಕ ದ್ರವದಲ್ಲಿ ಒಂದು ರಾತ್ರಿಯಾದರೂ ಬೆಳೆಸಬೇಕು. ನಿಮ್ಮ ರಸದಲ್ಲಿ ತಿರುಳಿದ್ದರೆ ಪೊರೆಯ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಇನ್ನೊಂದು ವಿಷಯ: ಪಾಶ್ಚರೀಕರಣದಲ್ಲಿ ಸತ್ತವುಗಳ ಡಿಎನ್‌ಎಯೂ ಲೆಕ್ಕಕ್ಕೆ ಬರುತ್ತದೆ. ಅದನ್ನು ತಡೆಯುವ ಪಿಎಂಎ ಎಂಬ ಬಣ್ಣದ್ರವ್ಯವನ್ನು ಮೊದಲೇ ಬಳಸಿ.

ಉತ್ತರ 3: ಖರ್ಚಿಗೆ ಮುನ್ನ ಸೂಕ್ಷ್ಮದರ್ಶಕ ಹಿಡಿಯಿರಿ. ಕೆಟ್ಟ ಬಾಟಲಿಯ ತಳದ ಒಂದು ಹನಿ ಸಾಕು. ದೊಡ್ಡ ಮೊಟ್ಟೆಯಾಕಾರದ, ಮೊಗ್ಗು ಬಿಟ್ಟ ಕೋಶಗಳಿದ್ದರೆ ಯೀಸ್ಟ್. ತೆಳ್ಳನೆ ಕಡ್ಡಿಗಳೋ ಮಣಿಸರಗಳೋ ಇದ್ದರೆ ಬ್ಯಾಕ್ಟೀರಿಯಾ. ಮಜ್ಜಿಗೆಯ ವಾಸನೆ ಎಂದಿರಿ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬಿಡುವ ಡೈಅಸಿಟೈಲ್ ಹಾಗೆ ನಾರುತ್ತದೆ. ಅವು ಪಾಶ್ಚರೀಕರಣವನ್ನು ತಾಳುವುದಿಲ್ಲ, ಆದ್ದರಿಂದ ನನ್ನ ಸಂಶಯ ಕಾಯಿಸಿದ ನಂತರದ ಭಾಗದ ಮೇಲೆ. ರಸ ತಿಳಿಯಾಗಿದ್ದೇ ಔಷಧಿಯ ವಾಸನೆ ಬಂದರೆ ಅಲಿಸೈಕ್ಲೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾವನ್ನು ಹುಡುಕಿ. ಅದರ ಬೀಜಕಗಳು ಆ ಬಿಸಿಯನ್ನೂ ತಾಳುತ್ತವೆ.

ಕೇಳಿದವರು: ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕಡ್ಡಿಗಳೇ. ನಿನ್ನೆ ತುಂಬುವ ಯಂತ್ರದ ಹನ್ನೆರಡು ಕವಾಟಗಳನ್ನೂ ಬಿಚ್ಚಿದೆವು, ಎರಡರ ಗ್ಯಾಸ್ಕೆಟ್ ಸೀಳಿತ್ತು. ಹೊಸದು ಹಾಕಿದ್ದೇವೆ. ಮೊದಲ ಬ್ಯಾಚಿನ ಬಾಟಲಿಗಳು 30 ಡಿಗ್ರಿಯಲ್ಲಿವೆ, ನಾಡಿದ್ದು ತೆರೆಯುತ್ತೇವೆ. ಯಂತ್ರವನ್ನು ಸ್ವಾಬ್‌ಗಳಿಗಾಗಿ ಕೊಳ್ಳುತ್ತಿದ್ದೇನೆ.